ಮೋಡಕ್ಕಿಂತ ಮೊದಲು ಗಾಳಿ ನೋಡಿ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಹವಾಮಾನದ ಪದಗಳು

ಜೂನ್ ಕೊನೆಯಲ್ಲಿ ಟಿ.ವಿ. ಹಾಕಿದರೆ "ರಾಜ್ಯದಲ್ಲಿ ಮುಂಗಾರು ಚುರುಕು" ಅನ್ನೋ ಸುದ್ದಿ ಓಡ್ತಿರುತ್ತೆ. ಆಗುಂಬೆ ಕಡೆ ಎಡೆಬಿಡದೆ ಮಳೆ, ತುಂಗಾ, ಭದ್ರಾ ನದಿಗಳಿಗೆ ನೀರು. ಅದೇ ಹೊತ್ತಿಗೆ ಚಳ್ಳಕೆರೆಯಲ್ಲಿ ನಿಂತು ಮೇಲೆ ನೋಡಿದರೆ ದಿನವಿಡೀ ಮೋಡ ಓಡ್ತಾ ಇರುತ್ತೆ, ಹೆಗಲ ಮೇಲಿನ ಟವೆಲ್ ಹಾರಿಸೋ ಗಾಳಿ ಬೀಸ್ತಾ ಇರುತ್ತೆ, ಹೊಲಕ್ಕೆ ಮಾತ್ರ ಹನಿ ಇಲ್ಲ. ಫೋನಿನ ಆಪ್ ತೆರೆದರೆ ಅದೂ ಮೋಡದ ಚಿತ್ರ ತೋರಿಸಿ "60%" ಅನ್ನುತ್ತೆ.

ಇಲ್ಲೇ ನಮ್ಮ ಸೀಮೆಯ ಎಷ್ಟೋ ಜನ ಹುಡುಗರು ದುಡ್ಡು ಕಳ್ಕೊಳ್ಳೋದು. ಒಂದು ಎಕರೆ ಶೇಂಗಾಕ್ಕೆ 40ರಿಂದ 50 ಕೆ.ಜಿ. ಬೀಜ ಬೇಕು. ಮೋಡ ನಂಬಿ, ಒಂದು ಸಣ್ಣ ಹದಕ್ಕೆ ಬಿತ್ತಿಬಿಟ್ಟು, ಆಮೇಲೆ ಮೂರು ವಾರ ಬರೀ ಗಾಳಿ ಬೀಸಿದರೆ ಆ ಬೀಜ ಮಣ್ಣುಪಾಲು. ಎರಡನೇ ಸಲ ಬಿತ್ತೋಕೆ ಮತ್ತೆ ಬೀಜ, ಮತ್ತೆ ಕೂಲಿ, ಮತ್ತೆ ಟ್ರ್ಯಾಕ್ಟರ್ ಬಾಡಿಗೆ.

ನಾನು ತೋಟಗಾರಿಕೆ ಪದವಿ ಓದುವಾಗ ಹವಾಮಾನಶಾಸ್ತ್ರ ಅಂದರೆ ಪರೀಕ್ಷೆಗೆ ಉರು ಹೊಡೆಯೋ ವಿಷಯ ಆಗಿತ್ತು. ಸಾವಯವದಲ್ಲಿ ಶೇಂಗಾ, ಈರುಳ್ಳಿ, ಒಂದಿಷ್ಟು ದಾಳಿಂಬೆ ಬೆಳೆಯೋಕೆ ಶುರು ಮಾಡಿದ ಮೇಲೆ ಆ ಪುಸ್ತಕದ ಪದಗಳೇ ದಿನಾ ಬೆಳಿಗ್ಗೆ ಕೆಲಸಕ್ಕೆ ಬರ್ತಿವೆ. ಈ ವಾರ ಆ ಪದಗಳನ್ನ ನಮ್ಮ ಹೊಲದ ಲೆಕ್ಕದಲ್ಲಿ ಹೇಳ್ತೀನಿ. ಮೊದಲೇ ಒಂದು ಮಾತು ನೆನಪಿಟ್ಟುಕೊಳ್ಳಿ: ಮಲೆನಾಡಿನ ಮಳೆ ಗಾಳಿ ಬೀಸಿದಾಗ ಬರುತ್ತೆ, ನಮ್ಮ ಮಳೆ ಹೆಚ್ಚಾಗಿ ಗಾಳಿ ನಿಂತಾಗ ಅಥವಾ ತಿರುಗಿದಾಗ ಬರುತ್ತೆ.

ಗಾಳಿಗೆ ಹೆಸರು ಹೇಗೆ ಬಂತು?

ಗಾಳಿಗೆ ಅದು ಹೋಗುವ ದಿಕ್ಕಿನ ಹೆಸರಿಡೋದಿಲ್ಲ, ಬರುವ ದಿಕ್ಕಿನ ಹೆಸರು ಇಡ್ತಾರೆ. ಪಡುವಲಿಂದ ಬಂದರೆ ಪಡುವಣ ಗಾಳಿ ಅಥವಾ ಪಶ್ಚಿಮದ ಗಾಳಿ. ಮೂಡಲಿಂದ ಬಂದರೆ ಮೂಡಣ ಗಾಳಿ. ನೈಋತ್ಯ ಮುಂಗಾರು ಅಂದರೆ ನೈಋತ್ಯ ದಿಕ್ಕಿನಿಂದ ಬರೋದು. ಫೋನಿನ ಆಪ್‌ಗಳಲ್ಲಿ ಬಾಣದ ಗುರುತು ಸಾಮಾನ್ಯವಾಗಿ ಗಾಳಿ ಹೋಗುವ ಕಡೆ ತೋರಿಸುತ್ತೆ, ಪಕ್ಕದ ಅಕ್ಷರ ಮಾತ್ರ ಬರುವ ದಿಕ್ಕು ಹೇಳುತ್ತೆ. ತುಂಬಾ ಜನ ಇಲ್ಲೇ ಉಲ್ಟಾ ಓದಿಕೊಳ್ತಾರೆ. ಒಂದು ದಿನ ಹೊಲದಲ್ಲಿ ಒಂದು ಹಿಡಿ ಹುಡಿಮಣ್ಣು ಮೇಲಿಂದ ಬಿಟ್ಟು ನೋಡಿ, ಆಪ್‌ ಜೊತೆ ಹೋಲಿಸಿ. ಆಮೇಲೆ ಗೊಂದಲ ಇರಲ್ಲ.

ಗಾಳಿ ಬೀಸೋದು ಯಾಕೆ? ಭೂಮಿಯ ಮೇಲೆ ಎಲ್ಲಾ ಕಡೆ ಗಾಳಿಯ ಭಾರ ಒಂದೇ ಸಮ ಇರಲ್ಲ. ಬಿಸಿಯಾದ ಜಾಗದಲ್ಲಿ ಗಾಳಿ ಹಗುರಾಗಿ ಮೇಲೇಳುತ್ತೆ, ಅಲ್ಲಿ ಒತ್ತಡ ಕಡಿಮೆ. ಒತ್ತಡ ಜಾಸ್ತಿ ಇರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಗಾಳಿ ನುಗ್ಗುತ್ತೆ. ಬೇಸಿಗೆಯಲ್ಲಿ ರಾಜಸ್ಥಾನ, ಪಾಕಿಸ್ತಾನದ ಮರಳುಗಾಡು ಕಾದು ಅಲ್ಲಿ ಒತ್ತಡ ಇಳಿಯುತ್ತೆ. ಅತ್ತ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಮಡಗಾಸ್ಕರ್ ಆಚೆ, ಒತ್ತಡ ಜಾಸ್ತಿ. ಅಲ್ಲಿಂದ ಹೊರಟ ಗಾಳಿ ಆಫ್ರಿಕಾದ ಸೊಮಾಲಿಯಾ ದಡದ ಪಕ್ಕ ತಿರುಗಿ, ಅರಬ್ಬಿ ಸಮುದ್ರದ ತೇವ ಹೊತ್ತುಕೊಂಡು ನಮ್ಮ ಪಶ್ಚಿಮ ಘಟ್ಟಕ್ಕೆ ಬಂದು ಬಡಿಯುತ್ತೆ. ಕೇರಳಕ್ಕೆ ಅದು ಕಾಲಿಡುವ ವಾಡಿಕೆ ದಿನ ಜೂನ್ 1.

ಈ ಗಾಳಿಯ ಜೋರು ನೆಲದ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿ ಚೆನ್ನಾಗಿ ಕಾಣುತ್ತೆ. ಹವಾಮಾನದವರು ಇದನ್ನ 850 ಹೆಕ್ಟೋಪ್ಯಾಸ್ಕಲ್ ಪದರ ಅಂತಾರೆ. ಚಳ್ಳಕೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಅಂದರೆ ಆ ಗಾಳಿ ನಮ್ಮ ತಲೆ ಮೇಲೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಎತ್ತರದಲ್ಲಿ ಓಡುತ್ತೆ. 'ವಿಂಡಿ' ಆಪ್‌ನಲ್ಲಿ ಎತ್ತರ ಬದಲಿಸಿ ಈ ಪದರ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ಹತ್ತಿರದ ಸಮುದ್ರ ಯಾಕೆ ನಮಗೆ ಮಳೆ ಕೊಡಲ್ಲ?

ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಅರಬ್ಬಿ ಸಮುದ್ರ ಚಳ್ಳಕೆರೆಗೆ 220 ಕಿ.ಮೀ. ಆಸುಪಾಸು. ಬಂಗಾಳ ಕೊಲ್ಲಿ 350 ಕಿ.ಮೀ.ಗೂ ದೂರ. ಆದರೂ ನಮ್ಮ ದೊಡ್ಡ ಮಳೆಗಳು ದೂರದ ಸಮುದ್ರದ ಕಡೆಯ ಗಾಳಿ ಬಂದಾಗಲೇ ಜಾಸ್ತಿ. ಕಾರಣ, ಹತ್ತಿರದ ಸಮುದ್ರಕ್ಕೂ ನಮಗೂ ನಡುವೆ ಘಟ್ಟದ ಗೋಡೆ ಇದೆ.

ಗಾಳಿ ಗುಡ್ಡ ಹತ್ತುವಾಗ ತಣ್ಣಗಾಗುತ್ತೆ. ತಣ್ಣನೆ ಗಾಳಿ ಜಾಸ್ತಿ ಆವಿ ಹಿಡಿದಿಟ್ಟುಕೊಳ್ಳಲ್ಲ, ಹಾಗಾಗಿ ನೀರನ್ನೆಲ್ಲ ಘಟ್ಟದ ಪಡುವಣ ಮಗ್ಗುಲಿಗೇ ಸುರಿದುಬಿಡುತ್ತೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ. ಅಲ್ಲಿಂದ 200 ಕಿ.ಮೀ. ಒಳಗೇ ಇರೋ ನಮಗೆ 500 ಮಿ.ಮೀ. ಆಸುಪಾಸು ಅಷ್ಟೇ. ಘಟ್ಟ ದಾಟಿದ ಗಾಳಿ ಇಳಿಯುವಾಗ ಮತ್ತೆ ಬಿಸಿಯಾಗುತ್ತೆ. ಮಳೆ ಸುರಿಸದೆ ಇಳಿಯುವ ಗಾಳಿ ಪ್ರತಿ ಕಿಲೋಮೀಟರ್‌ಗೆ ಸುಮಾರು 10 ಡಿಗ್ರಿ ಬಿಸಿಯೇರುತ್ತೆ. ಬಿಸಿಯಾದಷ್ಟೂ ಮೋಡ ಕರಗುತ್ತೆ. ಇದನ್ನೇ ಮಳೆನೆರಳು ಅನ್ನೋದು. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಆಚೆ ಪಾವಗಡ, ರಾಯದುರ್ಗ, ಅನಂತಪುರ ಎಲ್ಲಾ ಇದೇ ನೆರಳಲ್ಲಿ ಕೂತಿರೋ ಊರುಗಳು.

ಇದಕ್ಕೆ ಕಣ್ಣಿಗೆ ಕಾಣೋ ಸಾಕ್ಷಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು, ನಮ್ಮ ಬಾಯಲ್ಲಿ 'ಫ್ಯಾನು'. ಅವು ವರ್ಷದಲ್ಲಿ ಜೋರಾಗಿ ತಿರುಗೋದು ಮುಂಗಾರಿನ ಗಾಳಿ ತಿಂಗಳುಗಳಲ್ಲೇ. ಕರೆಂಟಿಗೆ ಸುಗ್ಗಿ, ನಮಗೆ ಬರೀ ಗಾಳಿ. ಫ್ಯಾನು ಹಗಲು ರಾತ್ರಿ ಒಂದೇ ಸಮ ಓಡ್ತಿದ್ದರೆ ಘಟ್ಟದಲ್ಲಿ ಮಳೆ, ನಮ್ಮಲ್ಲಿ ಮೋಡದ ಮೆರವಣಿಗೆ ಅಂತಲೇ ನಾನು ಲೆಕ್ಕ ಹಾಕೋದು.

ಹಾಗಾಗಿ ಸುದ್ದಿಯಲ್ಲಿ "ಮುಂಗಾರು ಚುರುಕು" ಅಂದಾಗ ನಾವು ಹಿಗ್ಗಬೇಕಿಲ್ಲ, "ಮುಂಗಾರು ದುರ್ಬಲ" ಅಂದ ತಕ್ಷಣ ಕುಗ್ಗಬೇಕಾಗೂ ಇಲ್ಲ. ಮುಂಗಾರಿನ ಮುಖ್ಯ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದು ದೇಶದ ನಡುಭಾಗದಲ್ಲಿ ಮಳೆ ಬಿಡುವು ಕೊಟ್ಟಾಗ, ದಕ್ಷಿಣ ಭಾರತದ ಪೂರ್ವ ಭಾಗದಲ್ಲಿ ಗುಡುಗು ಮಳೆ ಹೆಚ್ಚೋದು ಹವಾಮಾನದವರಿಗೆ ಹಳೇ ವಿಷಯ. ಪಡುವಣ ಗಾಳಿಯ ಜೋರು ಇಳಿದಾಗ ನಮ್ಮ ನೆಲದ ಬಿಸಿಗೇ ಮೋಡ ಎದ್ದು ನಿಲ್ಲೋಕೆ ಅವಕಾಶ ಸಿಗುತ್ತೆ.

ಆದರೆ ಗಾಳಿ ನಿಂತರೆ ಸಾಕು ಅಂದ್ಕೋಬೇಡಿ. 2023ರ ಆಗಸ್ಟ್ ನೆನಪಿದೆಯಲ್ಲ? ದೇಶಕ್ಕೆ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಮುಂಗಾರು ದುರ್ಬಲವಾಗಿತ್ತು, ನಮ್ಮಲ್ಲೂ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಪಟ್ಟಿಗೆ ಸೇರಿದವು. ಮಳೆಗೆ ಮೂರು ಬೇಕು: ಗಾಳಿಯಲ್ಲಿ ತೇವ, ಆ ಗಾಳಿಯನ್ನ ಮೇಲೆತ್ತೋ ಏನೋ ಒಂದು ಕಾರಣ, ಮೋಡ ಬೆಳೆಯುವಷ್ಟು ಹೊತ್ತು ಅದನ್ನ ಚದುರಿಸದ ವಾತಾವರಣ. ಒಂದು ಕಮ್ಮಿಯಾದರೂ ಬರೀ ಸೆಖೆ.

ವಾಯುರಾಶಿ: ನಮ್ಮ ಮೇಲೆ ಬರೋ ಮೂರು ಥರದ ಗಾಳಿ

ದೊಡ್ಡ ಪ್ರದೇಶದ ಮೇಲೆ ದಿನಗಟ್ಟಲೆ ಕೂತು, ಅಲ್ಲಿನ ಗುಣ ಹೀರಿಕೊಂಡ ಗಾಳಿಯ ರಾಶಿಗೆ ವಾಯುರಾಶಿ ಅಂತಾರೆ. ಸಮುದ್ರದ ಮೇಲೆ ಕೂತಿದ್ದು ತೇವವಾಗಿರುತ್ತೆ, ನೆಲದ ಮೇಲೆ ಕೂತಿದ್ದು ಒಣದಾಗಿರುತ್ತೆ. ನಮ್ಮ ಸೀಮೆಗೆ ಮೂರನ್ನ ಗುರುತಿಸಿದರೆ ಸಾಕು.

ಒಂದು, ಅರಬ್ಬಿ ಸಮುದ್ರದ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ. ತೇವ ಇರುತ್ತೆ, ಆದರೆ ಘಟ್ಟದಲ್ಲಿ ಅರ್ಧ ಖಾಲಿಯಾಗಿ ಬಂದಿರುತ್ತೆ.

ಎರಡು, ಬಂಗಾಳ ಕೊಲ್ಲಿಯ ಗಾಳಿ. ಸೆಪ್ಟೆಂಬರ್ ಹೊತ್ತಿಗೆ ಪಡುವಣ ಗಾಳಿ ಸಡಿಲಾಗುತ್ತೆ, ಅಕ್ಟೋಬರ್‌ನಲ್ಲಿ ಗಾಳಿ ಈಶಾನ್ಯಕ್ಕೆ, ಮೂಡಲಿಗೆ ತಿರುಗುತ್ತೆ. ಪೂರ್ವ ಘಟ್ಟ ತುಂಡು ತುಂಡಾಗಿ, ತಗ್ಗಾಗಿ ಇರೋದ್ರಿಂದ ಆ ಕಡೆಯ ತೇವಕ್ಕೆ ಅಷ್ಟು ದೊಡ್ಡ ತಡೆ ಇಲ್ಲ. ನಮ್ಮ ವರ್ಷದ ಮಳೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳದ್ದೇ ದೊಡ್ಡ ಪಾಲು.

ಮೂರು, ಉತ್ತರದ ಒಣ ಗಾಳಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ತುಟಿ ಒಡೆಯುತ್ತೆ, ಆಕಾಶ ತಿಳಿಯಾಗಿರುತ್ತೆ, ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು.

ಮಾರ್ಚ್‌ನಿಂದ ಮೇವರೆಗೆ ಇನ್ನೊಂದು ಆಟ ನಡೆಯುತ್ತೆ. ಒಂದು ಕಡೆಯಿಂದ ಒಣ ಗಾಳಿ, ಇನ್ನೊಂದು ಕಡೆಯಿಂದ ಸಮುದ್ರದ ತೇವದ ಗಾಳಿ ಬಂದು ನಮ್ಮ ಒಳನಾಡಿನ ಮೇಲೆ ಎದುರಾಗುತ್ತವೆ. ಅದು ವಿದರ್ಭ, ಮರಾಠವಾಡದ ಕಡೆಯಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನವರೆಗೆ ಒಂದು ಗೆರೆ ಥರ ಹಾದುಹೋಗುತ್ತೆ. ಹವಾಮಾನ ಇಲಾಖೆಯ ವರದಿಯಲ್ಲಿ ಇದನ್ನ ಟ್ರಫ್ ಅಥವಾ ಗಾಳಿ ಸಂಧಿಸುವ ರೇಖೆ ಅಂತ ಬರೀತಾರೆ. ಈ ಗೆರೆ ನಮ್ಮ ಹತ್ತಿರ ಇದ್ದ ದಿನಗಳಲ್ಲೇ ಭರಣಿ, ಕೃತ್ತಿಕಾ ಮಳೆಯ ಗುಡುಗು, ಆಲಿಕಲ್ಲು ಬರೋದು. ದಾಳಿಂಬೆ, ಪಪ್ಪಾಯ ಇರೋರು ಏಪ್ರಿಲ್, ಮೇನಲ್ಲಿ ಈ ಪದ ಕಂಡರೆ ಹುಷಾರಾಗಿರಿ.

ಯಾವ ವಾಯುರಾಶಿ ಬಂದಿದೆ ಅಂತ ಫೋನಿನಲ್ಲೇ ತಿಳಿಯೋದು ಹೇಗೆ? ಆರ್ದ್ರತೆಯ ಶೇಕಡಾ ನೋಡಬೇಡಿ. ಅದು ಬೆಳಿಗ್ಗೆ 90 ಇದ್ದು ಮಧ್ಯಾಹ್ನ 45ಕ್ಕೆ ಇಳಿಯುತ್ತೆ, ಗಾಳಿಯಲ್ಲಿರೋ ನೀರು ಮಾತ್ರ ಅಷ್ಟೇ ಇರುತ್ತೆ. ಅದರ ಬದಲು ಇಬ್ಬನಿ ಬಿಂದು ನೋಡಿ, ಆಪ್‌ಗಳಲ್ಲಿ 'ಡ್ಯೂ ಪಾಯಿಂಟ್' ಅಂತ ಇರುತ್ತೆ. ಗಾಳಿಯನ್ನ ಎಷ್ಟು ಡಿಗ್ರಿಗೆ ತಣಿಸಿದರೆ ಇಬ್ಬನಿ ಕೂರುತ್ತೆ ಅನ್ನೋ ಲೆಕ್ಕ ಅದು. ನಾನು ಹೊಲದಲ್ಲಿ ಇಟ್ಟುಕೊಂಡಿರೋ ಅಂದಾಜು ಹೀಗೆ: 12 ಡಿಗ್ರಿಗಿಂತ ಕೆಳಗಿದ್ದರೆ ಒಣ ಗಾಳಿ, ಮಳೆ ಮಾತು ಮರೆತುಬಿಡಿ. 18ರ ಮೇಲಿದ್ದರೆ ತೇವ ಇದೆ. 20 ದಾಟಿ, ಗಾಳಿಯೂ ತಗ್ಗಿ, ಮಧ್ಯಾಹ್ನ ಸೆಖೆ ಹತ್ತಿದರೆ ಸಂಜೆ ಕಡೆ ಕಣ್ಣಿಟ್ಟಿರಿ.

ಮೋಡ: ಯಾವುದು ನೀರಿನದು, ಯಾವುದು ನೆರಳಿನದು?

1802ರಲ್ಲಿ ಲ್ಯೂಕ್ ಹೋವರ್ಡ್ ಅನ್ನೋ ಇಂಗ್ಲೆಂಡಿನ ಔಷಧ ವ್ಯಾಪಾರಿ ಮೋಡಗಳಿಗೆ ಹೆಸರಿಟ್ಟ. ಇವತ್ತಿಗೂ ಅವೇ ಹೆಸರು ನಡೀತಿವೆ. ನಮ್ಮ ಶಾಲೆ ಪುಸ್ತಕದಲ್ಲೂ ಅವುಗಳ ಕನ್ನಡ ರೂಪ ಓದಿರ್ತೀರಿ.

ಹಿಮಕಣ ಮೋಡ, ಅಂದರೆ ಸಿರಸ್. ಹಿಂಜಿದ ಅರಳೆ ಥರ, ತುಂಬಾ ಎತ್ತರ, ಬಿಸಿಲು ತೂರಿಬರುತ್ತೆ. ಅದರಲ್ಲಿ ಇರೋದು ಮಂಜಿನ ಹರಳು, ಮಳೆ ಇಲ್ಲ. ಜುಲೈನಲ್ಲಿ ಒಂದು ತಮಾಷೆ ನೋಡಿ: ಕೆಳಗಿನ ಮೋಡ ಪಡುವಲಿಂದ ಮೂಡಲಿಗೆ ಓಡುತ್ತಿದ್ದರೆ, ತುದಿ ಎತ್ತರದ ಈ ಅರಳೆ ಮೋಡ ಮೂಡಲಿಂದ ಪಡುವಲಿಗೆ ಹೋಗ್ತಿರುತ್ತೆ. ಮುಂಗಾರಿನಲ್ಲಿ ಸುಮಾರು 14 ಕಿ.ಮೀ. ಎತ್ತರದಲ್ಲಿ ಮೂಡಣದ ಬಿರುಗಾಳಿಯ ಹೊಳೆಯೇ ಹರಿಯುತ್ತೆ. ಅದನ್ನ 1950ರ ದಶಕದಲ್ಲಿ ವಿವರಿಸಿದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಬುಡ ಒಂದು ಕಡೆಗೆ, ತಲೆ ಇನ್ನೊಂದು ಕಡೆಗೆ ಎಳೆದರೆ ಎತ್ತರದ ಮೋಡ ನೆಟ್ಟಗೆ ನಿಲ್ಲೋದು ಕಷ್ಟ.

ಪದರ ಮೋಡ, ಅಂದರೆ ಸ್ಟ್ರಾಟಸ್. ಕಂಬಳಿ ಹೊದಿಸಿದ ಹಾಗೆ ಆಕಾಶ ಪೂರ್ತಿ ಬೂದು. ಮುಂಗಾರಿನ ಬೆಳಿಗ್ಗೆಗಳಲ್ಲಿ ನಮಗೆ ಇದೇ ಜಾಸ್ತಿ. ತುಂತುರು ಬಂದರೆ ಹೆಚ್ಚು, ಧೂಳು ಅಡಗೋಕೆ ಸಾಕು, ಬೇರಿಗೆ ಸಾಲಲ್ಲ.

ರಾಶಿ ಮೋಡ, ಅಂದರೆ ಕ್ಯುಮ್ಯುಲಸ್. ಬುಡ ಚಪ್ಪಟೆ, ಮೇಲೆ ಹತ್ತಿ ಗುಡ್ಡೆ. ಅಗಲಕ್ಕಿಂತ ಎತ್ತರ ಕಮ್ಮಿ ಇದ್ದರೆ ಅದು ಬಿಸಿಲಿನ ದಿನದ ಮೋಡ, ಸಂಜೆಗೆ ಕರಗುತ್ತೆ. ಎತ್ತರ ಜಾಸ್ತಿಯಾಗ್ತಾ ಹೂಕೋಸಿನ ಹಾಗೆ ಮೇಲಕ್ಕೆ ಉಕ್ಕುತ್ತಿದ್ದರೆ ಅದು ಬೆಳೀತಿದೆ ಅಂತ ಅರ್ಥ.

ರಾಶಿವೃಷ್ಟಿ ಮೋಡ, ಅಂದರೆ ಕ್ಯುಮ್ಯುಲೋನಿಂಬಸ್. ಇದೇ ನಮ್ಮ ಅನ್ನದಾತ. ಬುಡ ಕಪ್ಪು, ತಲೆ ಕಮ್ಮಾರನ ಅಡಿಗಲ್ಲಿನ ಥರ ಚಪ್ಪಟೆಯಾಗಿ ಹರಡಿರುತ್ತೆ, 12 ಕಿ.ಮೀ.ಗೂ ಮೇಲೆ ಹೋಗುತ್ತೆ. ಗುಡುಗು, ಸಿಡಿಲು, ಆಲಿಕಲ್ಲು, ಅರ್ಧ ಗಂಟೆಯಲ್ಲಿ ಬದು ಒಡೆಯೋ ಮಳೆ ಎಲ್ಲಾ ಇದರದ್ದೇ. ಮಳೆಗೆ ಮೊದಲು ಮಣ್ಣಿನ ವಾಸನೆ ಹೊತ್ತ ತಣ್ಣನೆ ಗಾಳಿ ನುಗ್ಗುತ್ತಲ್ಲ, ಅದು ಈ ಮೋಡದೊಳಗಿಂದ ಕೆಳಗೆ ಬಿದ್ದು ನೆಲದ ಮೇಲೆ ಹರಡೋ ಗಾಳಿ. ಅದು ಬಂದ ಮೇಲೆ ತಗಡು, ಟಾರ್ಪಾಲ್ ಕಟ್ಟೋಕೆ ಹೊತ್ತಿರಲ್ಲ. ಇದರ ಅಗಲ ಐದೋ ಹತ್ತೋ ಕಿಲೋಮೀಟರ್ ಇರಬಹುದು. ತಳಕಿನಲ್ಲಿ ಹಳ್ಳ ಬಂದು ನಾಯಕನಹಟ್ಟಿಯಲ್ಲಿ ಧೂಳೇಳೋದು ಅದಕ್ಕೇ.

ಕೆಲವೊಮ್ಮೆ ಮೋಡದಿಂದ ಬೂದು ಎಳೆಗಳು ಇಳಿಬಿದ್ದಿರುತ್ತವೆ, ನೆಲ ಮುಟ್ಟೋದಿಲ್ಲ. ಮಳೆ ಬೀಳ್ತಿದೆ, ಆದರೆ ಕೆಳಗಿನ ಒಣ ಗಾಳಿಯಲ್ಲೇ ಆವಿಯಾಗ್ತಿದೆ. ಉಪಗ್ರಹ ಚಿತ್ರದಲ್ಲಿ ಮೋಡ, ರಾಡಾರ್‌ನಲ್ಲಿ ಮಳೆ, ಹೊಲದಲ್ಲಿ ಏನೂ ಇಲ್ಲ ಅಂದರೆ ಒಂದು ಕಾರಣ ಇದು.

ಕೊಲ್ಲಿಯಲ್ಲಿ ಏನಾಗ್ತಿದೆ ಅಂತ ತಿಳಿಯೋ ಪದಗಳು

ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಮ್ಮ ಕಣ್ಣು ಬಂಗಾಳ ಕೊಲ್ಲಿಯ ಮೇಲಿರಬೇಕು. ಪತ್ರಿಕೆಗಳು ಎಲ್ಲಕ್ಕೂ 'ವಾಯುಭಾರ ಕುಸಿತ' ಅಂತ ಒಂದೇ ಪದ ಹಾಕ್ತವೆ. ಇಲಾಖೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತೆ.

ಮೊದಲು ಮೇಲ್ಮೈ ಸುಳಿಗಾಳಿ: ಗಾಳಿ ಎತ್ತರದಲ್ಲಿ ಸುತ್ತೋಕೆ ಶುರು ಮಾಡಿದೆ ಅಷ್ಟೇ. ಆಮೇಲೆ ಕಡಿಮೆ ಒತ್ತಡದ ಪ್ರದೇಶ. ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ, 50 ಮುಟ್ಟಿದರೆ ತೀವ್ರ ವಾಯುಭಾರ ಕುಸಿತ, 62 ದಾಟಿದರೆ ಚಂಡಮಾರುತ ಅಂತ ಹೆಸರು ಸಿಗುತ್ತೆ. ಒಳನಾಡಿನ ನಮಗೆ ಗಾಳಿಯ ಹೊಡೆತಕ್ಕಿಂತ ಮಳೆ ಮುಖ್ಯ. ಮಳೆ ಮಟ್ಟಿಗೆ ಹೆಸರಿಲ್ಲದ ಕಡಿಮೆ ಒತ್ತಡವೇ ಕೆಲವೊಮ್ಮೆ ಚಂಡಮಾರುತಕ್ಕಿಂತ ದೊಡ್ಡದು.

2022ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ ನೆನಪಿಸಿಕೊಳ್ಳಿ. ಆಗ ಯಾವ ಹೆಸರಿನ ಚಂಡಮಾರುತವೂ ಬಂದಿರಲಿಲ್ಲ. ದಿನಾ ಗುಡುಗು ಮಳೆ ಸುರಿದು ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿತು. ಇತ್ತ ವಾಣಿವಿಲಾಸ ಸಾಗರ, ನಮ್ಮ ಮಾರಿ ಕಣಿವೆ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಭದ್ರಾ ನೀರೂ ಸೇರಿತ್ತು ನಿಜ, ಆದರೆ ವೇದಾವತಿ ಪಾತ್ರಕ್ಕೆ ಬಂದ ಮಳೆ ಸಣ್ಣದೇನಲ್ಲ.

ಹೆಸರಿರೋ ಚಂಡಮಾರುತ ಬಂದಾಗ ನಮ್ಮಲ್ಲಿ ಬೇರೆ ಥರದ ಮಳೆ. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಬಳಿ ದಡ ಸೇರಿತು. ಮುಂದಿನ ದಿನಗಳಲ್ಲಿ ದಕ್ಷಿಣ ಕರ್ನಾಟಕದ ಮೇಲೆ ಅದರ ಮೋಡ, ಮಳೆ ಹರಡಿತು. ಗುಡುಗಿಲ್ಲ, ಸಿಡಿಲಿಲ್ಲ, ಬಿಸಿಲೂ ಇಲ್ಲ, ಬರೀ ಜಿಟಿಜಿಟಿ. ಇದು ವೃಷ್ಟಿ ಪದರ ಮೋಡದ ಮಳೆ. ಕಿತ್ತು ಹಾಕಿದ ಶೇಂಗಾ, ಒಣಗಲು ಬಿಟ್ಟ ಈರುಳ್ಳಿಗೆ ಇದಕ್ಕಿಂತ ಕೆಟ್ಟ ಮಳೆ ಇನ್ನೊಂದಿಲ್ಲ.

ಮುನ್ಸೂಚನೆಯ ಭಾಷೆ ಓದೋದು

ಹವಾಮಾನ ಇಲಾಖೆ ಕರ್ನಾಟಕವನ್ನ ಮೂರು ಭಾಗ ಮಾಡಿದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ನಾವು ದಕ್ಷಿಣ ಒಳನಾಡಿನವರು. ಕೊಡಗು, ಶಿವಮೊಗ್ಗ, ಚಿಕ್ಕಮಗಳೂರು ಕೂಡ ಅದರಲ್ಲೇ ಬರ್ತವೆ! "ದಕ್ಷಿಣ ಒಳನಾಡಿನಲ್ಲಿ ಭಾರೀ ಮಳೆ" ಅಂದರೆ ಅದು ಮಡಿಕೇರಿಯ ಮಳೆ ಆಗಿರಬಹುದು. ಹಾಗಾಗಿ ಯಾವಾಗಲೂ ಜಿಲ್ಲೆ ಹೆಸರು ಹುಡುಕಿ ಓದಿ.

'ಅಲ್ಲಲ್ಲಿ' ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕನೇ ಒಂದು ಪಾಲಿಗೂ ಮೀರದಷ್ಟು ಕಡೆ ಮಳೆ. 'ಕೆಲವೆಡೆ' ಅಂದರೆ ಅರ್ಧದವರೆಗೆ. 'ಹಲವೆಡೆ' ಅಂದರೆ ಮುಕ್ಕಾಲು ಪಾಲಿನವರೆಗೆ. 'ಬಹುತೇಕ ಎಲ್ಲೆಡೆ' ಅಂದರೆ ಅದಕ್ಕೂ ಮೇಲೆ. ನಮ್ಮ ಜಿಲ್ಲೆಗೆ 'ಅಲ್ಲಲ್ಲಿ' ಅಂತ ಬಂದ ದಿನ ಬಿತ್ತನೆಗೆ ಕೂರಿಗೆ ಕಟ್ಟಬೇಡಿ, 'ಹಲವೆಡೆ' ಅಂತ ಎರಡು ಮೂರು ದಿನ ಸತತ ಬಂದರೆ ಬೀಜ ಸಿದ್ಧ ಮಾಡಿಕೊಳ್ಳಿ.

'ಭಾರೀ ಮಳೆ' ಅನ್ನೋ ಪದಕ್ಕೂ ಅಳತೆ ಇದೆ: 24 ಗಂಟೆಯಲ್ಲಿ 64.5 ಮಿ.ಮೀ.ನಿಂದ ಶುರು. 115.6 ದಾಟಿದರೆ ಅತಿ ಭಾರೀ. ನಮಗೆ ಒಂದು ಹದಕ್ಕೆ ಬೇಕಾದ್ದು ಇದಲ್ಲ, 'ಸಾಧಾರಣ' ಅಂತ ಕರೆಯೋ 15.6ರಿಂದ 64.4 ಮಿ.ಮೀ. ಒಳಗಿನ ಮಳೆ.

ಇನ್ನು ಆಪ್‌ನ "60%". ಅದು ಮಳೆ ಬರುವ ಸಾಧ್ಯತೆ, ಮಳೆಯ ಪ್ರಮಾಣ ಅಲ್ಲ. 60% ಸಾಧ್ಯತೆಯ 1 ಮಿ.ಮೀ. ಮಳೆಯಿಂದ ಏನೂ ಆಗಲ್ಲ. ಸಾಧ್ಯತೆ ಪಕ್ಕದಲ್ಲಿ ಎಷ್ಟು ಮಿಲಿಮೀಟರ್ ಅಂತ ಇದೆಯೋ ಅದನ್ನ ನೋಡಿ. ಇನ್ನೊಂದು ವಿಷಯ, ಈ ಲೆಕ್ಕಗಳು ನೆಲವನ್ನ ಚೌಕ ಚೌಕ ಮಾಡಿ ಹಾಕಿದ್ದು. 2025ರ ಮೇ ತಿಂಗಳಲ್ಲಿ ನಮ್ಮ ದೇಶ ಶುರು ಮಾಡಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲೂ ಚೌಕ 6 ಕಿ.ಮೀ.ನದು. ನಿಮ್ಮ ಸರ್ವೆ ನಂಬರ್ ಅದಕ್ಕೆ ಕಾಣಲ್ಲ.

ಫೋನಿನಲ್ಲಿ ನಾನು ನೋಡೋ ಕ್ರಮ

ಬೆಳಿಗ್ಗೆ ಐದು ನಿಮಿಷ ಸಾಕು.

1. ವಿಂಡಿಯಲ್ಲಿ 850 ಪದರದ ಗಾಳಿ. ಪಡುವಲಿಂದ ಗಂಟೆಗೆ 50 ಕಿ.ಮೀ. ದಾಟಿ ಬೀಸ್ತಿದ್ದರೆ ಆ ದಿನಗಳಲ್ಲಿ ದೊಡ್ಡ ಮಳೆ ಆಸೆ ಇಟ್ಟುಕೊಳ್ಳಲ್ಲ. 20ಕ್ಕಿಂತ ಕೆಳಗಿಳಿದರೆ ಅಥವಾ ಮೂಡಲಿಗೆ ತಿರುಗಿದರೆ ಮುಂದಿನದ್ದು ನೋಡ್ತೀನಿ. ಇದು ನನ್ನ ಹೊಲದ ಅಂದಾಜು, ನಿಮ್ಮ ಊರಲ್ಲಿ ಬರೆದಿಟ್ಟು ತಾಳೆ ನೋಡಿ.

2. ಇಬ್ಬನಿ ಬಿಂದು. ತೇವ ಇದೆಯೋ ಇಲ್ಲವೋ.

3. ಮೇಘದೂತ್ ಆಪ್. ಹವಾಮಾನ ಇಲಾಖೆಯ ಮುನ್ಸೂಚನೆ, ಜೊತೆಗೆ ಬೆಳೆ ಸಲಹೆ ಕನ್ನಡದಲ್ಲೇ ಸಿಗುತ್ತೆ.

4. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಬಿದ್ದ ಮಳೆ ಎಷ್ಟು ಅಂತ ತಿಳಿಯುತ್ತೆ. ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

5. ಗುಡುಗಿನ ದಿನ ದಾಮಿನಿ ಆಪ್. ಸುತ್ತಮುತ್ತ ಸಿಡಿಲು ಇದ್ದರೆ ಎಚ್ಚರಿಸುತ್ತೆ. ನೆಟ್‌ವರ್ಕ್ ಇಲ್ಲದಿದ್ದರೆ ಎಣಿಸಿ: ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡ್ ಅಂದರೆ ಒಂದು ಕಿಲೋಮೀಟರ್. 30 ಸೆಕೆಂಡಿಗಿಂತ ಕಮ್ಮಿ ಇದ್ದರೆ ಕೆಲಸ ಬಿಟ್ಟು ಪಕ್ಕಾ ಕಟ್ಟಡಕ್ಕೋ ಬಾಗಿಲು ಮುಚ್ಚಿದ ಗಾಡಿಗೋ ಸೇರಿ. ಬಯಲಿನ ಒಂಟಿ ಬೇವು, ಹುಣಸೆ ಕೆಳಗೆ ಮಾತ್ರ ನಿಲ್ಲಬೇಡಿ, ಕುರಿ ಕಾಯೋರಿಗೂ ಹೇಳಿ.

ಹೊಲದ ಕೆಲಸಕ್ಕೆ ಇದನ್ನ ಜೋಡಿಸೋದು

*ಬಿತ್ತನೆ.* ಶೇಂಗಾ ಬಿತ್ತಿದ ತಿಂಗಳಿಗೆ ಹೂ ಕಾಣುತ್ತೆ, ಆಮೇಲೆ ಹೂವಿನ ಸೂಜಿ ಮಣ್ಣಿಗಿಳಿಯುತ್ತೆ, 60ರಿಂದ 90 ದಿನದ ನಡುವೆ ಕಾಯಿ ತುಂಬುತ್ತೆ. ನೀರು ಅತ್ಯಗತ್ಯವಾಗಿ ಬೇಕಾದ್ದು ಆಗ. ಜುಲೈನಲ್ಲಿ ಬಿತ್ತಿದರೆ ಆ ಹೊತ್ತು ಸೆಪ್ಟೆಂಬರ್, ಅಕ್ಟೋಬರ್‌ಗೆ ಬರುತ್ತೆ, ಅಂದರೆ ನಮ್ಮ ದೊಡ್ಡ ಮಳೆಗೆ ಸರಿಹೊಂದುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮತ್ತು ಸಂಗಡಿಗರು ನಮ್ಮ ನೆರೆಯ ಪಾವಗಡ, ಅನಂತಪುರ ಸೀಮೆಯ ಮಳೆಯಾಶ್ರಿತ ಶೇಂಗಾದ ಮೇಲೆ ರೈತರ ಜೊತೆ ಕೂತು ಇದೇ ಪ್ರಶ್ನೆ ಕೇಳಿದವರು: ಬಿತ್ತನೆ ದಿನ ಬದಲಾದರೆ ನಷ್ಟದ ಸಾಧ್ಯತೆ ಹೇಗೆ ಬದಲಾಗುತ್ತೆ? ಅಲ್ಲಿನ ರೈತರ ವಾಡಿಕೆ ಬಿತ್ತನೆ ಕಾಲ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ಅಷ್ಟು ಉದ್ದದ ಅವಕಾಶ ಇರುವಾಗ ಮೊದಲ ತುಂತುರಿಗೇ ಅವಸರ ಯಾಕೆ? ಸಲಿಕೆಯಲ್ಲಿ ಅಗೆದು ನೋಡಿ, ಒಂದು ಗೇಣು ಆಳಕ್ಕೆ ಹದ ಇಳಿದಿದ್ದರೆ, ಮುಂದಿನ ವಾರ ಪಡುವಣ ಗಾಳಿ ತಗ್ಗೋ ಸೂಚನೆ ಇದ್ದರೆ ಆಗ ಬಿತ್ತಿ.

*ಸಿಂಪರಣೆ.* ಬೇವಿನ ಬೀಜದ ಕಷಾಯ ಬಿಸಿಲಿಗೆ ಬೇಗ ಶಕ್ತಿ ಕಳ್ಕೊಳ್ಳುತ್ತೆ, ಸಂಜೆ ಹೊಡೀರಿ. ಗಾಳಿ ಗಂಟೆಗೆ 10 ಕಿ.ಮೀ. ಒಳಗಿರಲಿ, ಮುಂದಿನ ಐದಾರು ಗಂಟೆ ಮಳೆ ಇರಬಾರದು. ಎರಡು ಮೂರು ದಿನ ಪದರ ಮೋಡ, ತುಂತುರು ಮುಂದುವರಿಯೋ ಹಾಗಿದ್ದರೆ ಶೇಂಗಾದ ಎಲೆಚುಕ್ಕೆ, ಈರುಳ್ಳಿಯ ನೇರಳೆ ಮಚ್ಚೆ ರೋಗಕ್ಕೆ ಅದು ಹಬ್ಬ. ರೋಗ ಕಂಡ ಮೇಲಲ್ಲ, ಮೋಡ ಕೂರೋ ಮುಂಚೆಯೇ ಮುನ್ನೆಚ್ಚರಿಕೆ ತಗೊಳ್ಳಿ. ದಾಳಿಂಬೆಗೆ ಗಾಳಿ ಸಮೇತ ಮಳೆ ಬಂದರೆ ದುಂಡಾಣು ಅಂಗಮಾರಿ ಗಿಡದಿಂದ ಗಿಡಕ್ಕೆ ಹಾರುತ್ತೆ. ಅಂಥ ವಾರದಲ್ಲಿ ಚಾಟನಿ ಮಾಡಬೇಡಿ, ಎಲೆ ಒದ್ದೆ ಇರುವಾಗ ತೋಟದಲ್ಲಿ ಓಡಾಡಬೇಡಿ.

*ಕೊಯ್ಲು.* ಶೇಂಗಾ ಕೀಳುವ ಮೂರ್ನಾಲ್ಕು ದಿನ ಮುಂಚೆ ಬಂಗಾಳ ಕೊಲ್ಲಿ ನೋಡಿ. ಸುಳಿಗಾಳಿ, ಕಡಿಮೆ ಒತ್ತಡ ಅನ್ನೋ ಪದ ಕಂಡರೆ, ಅದು ಆಂಧ್ರ ಅಥವಾ ತಮಿಳುನಾಡು ದಡದ ಕಡೆ ಬರುವ ಹಾಗಿದ್ದರೆ ಕಾಯಿರಿ. ಗಿಡದಲ್ಲಿರೋ ಕಾಯಿಗಿಂತ ಕಿತ್ತು ನೆನೆದ ಕಾಯಿಗೆ ಬೂಷ್ಟು ಬೇಗ. ಬೂಷ್ಟಿನ ವಿಷ ಸೇರಿದ ಕಾಯಿ ಎಣ್ಣೆಗೂ ಬೇಡ, ದನಕ್ಕೂ ಬೇಡ.

ಹಿರಿಯರ ಲೆಕ್ಕ, ಫೋನಿನ ಲೆಕ್ಕ

ಪಕ್ಕದ ಹೊಲದ ತಾತ ಫೋನ್ ಮುಟ್ಟಲ್ಲ. "ಮೋಡಕ್ಕೇನಪ್ಪಾ, ಹೋಗ್ತಿರ್ತದೆ. ಗಾಳಿ ಬಿತ್ತಾ ನೋಡು" ಅಂತಾರೆ. ನಾನು ಮೇಲೆ ಹೇಳಿದ್ದೆಲ್ಲ ಹೆಚ್ಚುಕಮ್ಮಿ ಆ ಒಂದು ಮಾತಿನ ವಿವರಣೆ. ಮಳೆ ನಕ್ಷತ್ರಗಳನ್ನೂ ಹಾಗೇ ನೋಡಿ. ಆರಿದ್ರಾ ಜೂನ್ 22ರ ಸುಮಾರಿಗೆ, ಮಘೆ ಆಗಸ್ಟ್ ಮಧ್ಯ ಕಳೆದ ಮೇಲೆ, ಹಸ್ತ ಸೆಪ್ಟೆಂಬರ್ ಕೊನೆಗೆ, ಚಿತ್ತೆ ಅಕ್ಟೋಬರ್‌ನಲ್ಲಿ. ಸೂರ್ಯನ ಲೆಕ್ಕ ಆದ್ದರಿಂದ ಪ್ರತಿ ವರ್ಷ ಒಂದೇ ಹೊತ್ತಿಗೆ ಬರ್ತವೆ. ಉತ್ತರೆ, ಹಸ್ತ, ಚಿತ್ತೆಗೆ ನಮ್ಮ ಸೀಮೆಯಲ್ಲಿ ಅಷ್ಟು ಬೆಲೆ ಇರೋದು ಗಾಳಿ ತಿರುಗೋ ಕಾಲ ಅದೇ ಆಗಿರೋದ್ರಿಂದ. ನಕ್ಷತ್ರ ಹೇಳೋದು ವಾಡಿಕೆ, ಫೋನ್ ಹೇಳೋದು ಈ ವರ್ಷದ ಸ್ಥಿತಿ. ಎರಡೂ ಬೇಕು.

ಕೊನೆಗೆ ಒಂದು ಕೆಲಸ ಕೊಡ್ತೀನಿ. ಒಂದು ನೋಟ್‌ಬುಕ್ ತಗೊಳ್ಳಿ, ನಾಲ್ಕು ಕಾಲಂ ಎಳೀರಿ: ದಿನಾಂಕ, ಗಾಳಿ ಬಂದ ದಿಕ್ಕು, ಮೋಡದ ಜಾತಿ, ಬಿದ್ದ ಮಳೆ. ಮಳೆ ಅಳೆಯೋಕೆ ನೇರ ಗೋಡೆಯ ಡಬ್ಬ, ಒಂದು ಸ್ಕೇಲ್ ಸಾಕು. ಡಬ್ಬದಲ್ಲಿ 10 ಮಿ.ಮೀ. ನೀರು ನಿಂತರೆ 10 ಮಿ.ಮೀ. ಮಳೆ, ಅಂದರೆ ಎಕರೆಗೆ ಸುಮಾರು 40 ಸಾವಿರ ಲೀಟರ್. ಆರಿದ್ರಾದಿಂದ ಚಿತ್ತೆವರೆಗೆ ಬರೀರಿ. ಎರಡು ಹಂಗಾಮು ಬರೆದರೆ ನಿಮ್ಮ ಊರಿಗೆ ಯಾವ ಗಾಳಿ ಮಳೆ ತರುತ್ತೆ ಅಂತ ಯಾವ ಆಪ್‌ಗಿಂತಲೂ ಚೆನ್ನಾಗಿ ನಿಮಗೇ ಗೊತ್ತಾಗುತ್ತೆ.